ಕೀಮನ್ ಯಂಕಪ್ಪನ ಹೆಜ್ಜೆ

ಯಂಕಪ್ಪ ಸಂತೆಯಲ್ಲಿ ನಡೆದರೂ ಹಳಿಯ ಮೇಲೆ ನಡೆದಂತೆಯೇ. ಅಳೆದಿಟ್ಟ ಹಾಗೆ ಒಂದೇ ಉದ್ದದ ಹೆಜ್ಜೆ. ಎದುರಿಗೆ ಎಮ್ಮೆ ಬಂದರೂ ಅರ್ಧ ಗೇಣು ಕಡಿಮೆ ಮಾಡುತ್ತಿರಲಿಲ್ಲ ಪುಣ್ಯಾತ್ಮ. ನಮ್ಮ ಹಗರಿಬೊಮ್ಮನಹಳ್ಳಿಯ ಮೀಟರ್‌ಗೇಜ್ ದಾರಿಯಲ್ಲಿ ಆತ ಕೀಮನ್. ದಿನಾ ಬೆಳಗ್ಗೆ ಸುತ್ತಿಗೆ ಹಿಡಿದು, ಹಳಿಯಡಿಯ ಅಡ್ಡಪಟ್ಟಿಗಳ ಮೇಲೆ, ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುತ್ತ, ಸಡಿಲಾದ ಕೀಲುಗಳನ್ನು ಬಡಿದು ಕೂರಿಸುವುದು ಅವನ ಕೆಲಸ. ಪಕ್ಕದ ಮನೆಯವಳಾದ ನನಗೆ ಆ ಟಣ್ ಟಣ್ ಕೇಳಿದರೇನೇ ಬೆಳಗು.

ಹೆಂಡತಿ ಗಂಗವ್ವ ಕುಳ್ಳಿ. ಗಂಡನ ಜೊತೆ ಎಲ್ಲಿಗೆ ಹೊರಟರೂ ಹತ್ತು ಮಾರು ಹಿಂದೆ. "ಲಗೂನ ಬಾರೇ, ಗಾಡಿ ಬಿಟ್ಟಾರ!" ಅಂತ ಅವನು ಕೂಗುವುದು, "ನಿಮ್ಮ ಕಾಲಿಗೆ ಗಾಲಿ ಅದಾವೇನ್ರಿ?" ಅಂತ ಅವಳು ಬಯ್ಯುವುದು.

ಅವಳ ತವರು ಕೊಟ್ಟೂರು. ಬಸ್ಸು ಹತ್ತಿದರೆ ವಾಂತಿ ಮಾಡಿ ಮಾಡಿ ಸುಸ್ತಾಗಿ ಬೀಳುತ್ತಿದ್ದಳು. ರೈಲಾದರೆ ಕಿಟಕಿಗೆ ಕೂತು ಮಂಡಕ್ಕಿ ತಿನ್ನುತ್ತ ಹೋಗುತ್ತಿದ್ದಳು. ಹಾಗಾಗಿ ಹಳಿ ಅಗಲ ಮಾಡಲೆಂದು ಗಾಡಿ ನಿಲ್ಲಿಸಿದಾಗ ಅವಳ ತವರಿನ ದಾರಿಯೇ ಮುಚ್ಚಿತು. "ತಡಿಯೇ, ದೊಡ್ಡ ಗಾಡಿ ಬರತೈತಿ. ನಿಮ್ಮವ್ವನ ತಾವ ನಾನ ಕರಕೊಂಡು ಹೋಗ್ತೀನಿ" ಅಂದ ಯಂಕಪ್ಪ. ವರ್ಷಗಳು ಕಳೆದವು. ಅವನು ರಿಟೈರಾದ. ಕೊಟ್ಟೂರಿನಲ್ಲಿ ಆ ತಾಯಿ ಹಾಸಿಗೆ ಹಿಡಿದಳು.

ಹೊಸ ಹಳಿಗೆ ಗಾಡಿ ಬರುತ್ತದೆಂದು ಸುದ್ದಿ ಹಬ್ಬಿದ ದಿನ ಗಂಗವ್ವ ಇಳಕಲ್ ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿ ಗಂಡನ ಜೊತೆ ಸ್ಟೇಷನ್ನಿಗೆ ಬಂದಳು. ಕಳಿಸಲು ನಾನೂ ಹೋಗಿದ್ದೆ. ಬಂದದ್ದು ಗೂಡ್ಸು. ಡಬ್ಬಿಯ ಹಿಂದೆ ಡಬ್ಬಿ ಹಾದು ಹೋದವು, ಅವಳು ಗಂಟು ಹಿಡಿದುಕೊಂಡೇ ನಿಂತಿದ್ದಳು.

ಯಂಕಪ್ಪ ಹಳಿಗಿಳಿದ. ಎರಡು ಹೆಜ್ಜೆಗೇ ಎಡವಿದ. ಹೊಸ ಸ್ಲೀಪರುಗಳು ಹತ್ತಿರ ಹತ್ತಿರ ಇದ್ದವು, ಅವನ ಹಳೆಯ ಹೆಜ್ಜೆಗೆ ಒಗ್ಗಲಿಲ್ಲ. ಕೆಳಗೆ ನೋಡಿದ, ಹೆಂಡತಿಯ ಕಾಲು ನೋಡಿದ, ನಕ್ಕ.

"ಇವನ್ನ ನಿನ್ನ ಅಳತಿಗೇ ಹಾಕ್ಯಾರ ನೋಡೇ. ಇಳಿ, ನಡಕೋತ ಹೋಗೂಣು."

"ಕೊಟ್ಟೂರಿನ ತನಕಾ?"

"ಎರಡು ದಿನ ಆಗ್ಲಿ. ನಿಮ್ಮವ್ವ ಕಾಯಾಕತ್ಯಾಳ."

ಹೊರಟೇಬಿಟ್ಟರು. ಜೀವಮಾನವಿಡೀ ಹೆಜ್ಜೆ ಬದಲಿಸದವನು ಅವತ್ತು ಹೆಂಡತಿಯ ಪಕ್ಕದಲ್ಲೇ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೋದ. ತಾಯಿ ಮಗಳ ಮುಖ ನೋಡಿಯೇ ಕಣ್ಣು ಮುಚ್ಚಿದಳಂತೆ.

ಈಗ ಯಂಕಪ್ಪ ಇಲ್ಲ. ಪ್ಯಾಸೆಂಜರ್ ಗಾಡಿ ಇನ್ನೂ ಬಂದಿಲ್ಲ. ಬೆಳಗ್ಗೆ ಎದ್ದರೆ ಆ ಟಣ್ ಟಣ್‌ಗಾಗಿ ಈಗಲೂ ಕಿವಿ ಹಂಬಲಿಸುತ್ತದೆ. ಮೊನ್ನೆ ಗಂಗವ್ವನ ಜೊತೆ ಸಂತೆಗೆ ಹೊರಟಿದ್ದೆ. ಯಥಾಪ್ರಕಾರ ಹಿಂದುಳಿದಳು. "ಲಗೂನ ಬಾರವ್ವ" ಅಂತ ಕೂಗಿದೆ. ದಾರಿಯ ನಡುವೆಯೇ ನಿಂತುಬಿಟ್ಟಳು.

"ಹಂಗ ಕೂಗಬ್ಯಾಡವ್ವ" ಅಂದಳು. "ಅವರು ಮುಂದ ಅದಾರ ಅನಸ್ತೈತಿ."