ವಿಲ್ಫ್ ಮತ್ತು ಬಟಾಣಿ ತಿಳಿ

ವಿಲ್ಫ್ ಏನ್ಸ್ಕೋ ಅಂದರೆ ನನಗೆ ಪ್ರಾಣ. ಅವರು ರಗ್ಬಿ ಆಡಿದ್ದನ್ನು ನಾನು ಕಂಡಿಲ್ಲ, ನಾನು ಹುಟ್ಟುವ ಹೊತ್ತಿಗೆ ಮಂಡಿ ಮುರಿದುಕೊಂಡು ಕೂತಿದ್ದರು. ಆದರೂ ಇಂಗ್ಲೆಂಡಿನ ವಿಗನ್ನಿನ ನಮ್ಮ ಬೀದಿಯಲ್ಲಿ ಅವರ ಓಟದ ಕಥೆ ಕೇಳದೆ ಬೆಳೆದ ಮಕ್ಕಳೇ ಇಲ್ಲ.

ಶುಕ್ರವಾರ ಸಂಜೆ ಪಾಲೀನಳ ಮೀನು-ಚಿಪ್ಸ್ ಅಂಗಡಿ ಮುಂದೆ ಬೀದಿಗೆ ಬೀದಿಯೇ ಸಾಲು ನಿಲ್ಲುತ್ತದೆ. ಕಿಟಕಿಯಲ್ಲಿ ವಿಲ್ಫ್ ತಲೆ ಕಂಡರೆ ಸಾಕು, ಆಕೆ ದೊಡ್ಡ ಮೀನು ಎಣ್ಣೆಗೆ ಬಿಡುತ್ತಿದ್ದಳು. ಜೊತೆಗೆ ಚಿಪ್ಸು, ಮೇಲೆ ಗ್ರೇವಿ.

ಹೋದ ಚಳಿಗಾಲ ಅವರ ಕಾಲು ಊದಿತು, ಉಸಿರು ಕಟ್ಟಿತು. ಹೃದಯದ ಕವಾಟ ಸೋರುತ್ತಿದೆ ಅಂದರು ಡಾಕ್ಟರು. ಕರಿದದ್ದು, ಉಪ್ಪು ಬಿಟ್ಟು ಮೈಯ ನೀರು ಇಳಿಸಿಕೊಂಡು ಬಂದರೆ ಮಾತ್ರ ಆಪರೇಷನ್, ಇಲ್ಲದಿದ್ದರೆ ಇಲ್ಲ.

ಆ ಶುಕ್ರವಾರ ನಾನು ಅವರ ಹಿಂದೆಯೇ ಇದ್ದೆ.

"ಪಾಲೀನ್, ಮೀನು ಸುಮ್ನೆ ಬೇಯ್ಸಿ ಕೊಡ್ತೀಯಾ? ಎಣ್ಣೆ ಬೇಡ, ಹಿಟ್ಟು ಬೇಡ, ಉಪ್ಪೂ ಬೇಡ."

ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು.

"ಯಾಕೆ ತಾತ, ಬೆಕ್ಕಿಗಾ?" ಅಂದ ಹಿಂದಿದ್ದ ಗ್ಯಾರಿ.

"ನಿಮ್ಮನೇಲಿ ಉಂಡು ಬಂತಲ್ಲ ಕಣೋ, ಪಾಪ, ಹೊಟ್ಟೆ ಕೆಟ್ಟಿದೆ ಅದಕ್ಕೆ."

ಎಲ್ಲರೂ ನಕ್ಕರು. ಪಾಲೀನ್ ಮಾತ್ರ ನಗಲಿಲ್ಲ. "ಇಷ್ಟು ತಿಂದು ಬದುಕ್ತೀಯೇನೋ ಮಾರಾಯ? ಇದಾದ್ರೂ ಕುಡಿ," ಅಂತ ಬಟಾಣಿ ಬೆಂದ ಹಸಿರು ತಿಳಿ ಒಂದು ಲೋಟ ಕೊಟ್ಟಳು. ಅದಕ್ಕೆ ನಮ್ಮೂರಲ್ಲಿ ಯಾರೂ ಕಾಸು ಕೇಳೋದಿಲ್ಲ, ಯಾರೂ ಅದನ್ನ ಊಟ ಅಂತ ಎಣಿಸೋದೂ ಇಲ್ಲ. ಹಲ್ಲು ಬರದ ಕೂಸಿಗೂ ಕುಡಿಸ್ತೀವಿ.

ಚಳಿಗಾಲ ಪೂರ್ತಿ ಹಾಗೇ ನಡೆಯಿತು. ಚಿಪ್ಸ್ ವಾಸನೆಗೆ ಅವರ ಗಂಟಲು ಕದಲೋದನ್ನ ನಾನೇ ನೋಡಿದ್ದೀನಿ. ಒಂದು ದಿನವೂ ಮುಟ್ಟಲಿಲ್ಲ. ಪಾಪ ಅಂತ ಪಾಲೀನ್ ಲೋಟ ದೊಡ್ಡದು ಮಾಡಿದಳು, ವಾರಕ್ಕಾಗುವಷ್ಟು ಡಬ್ಬಿಯಲ್ಲೂ ತುಂಬಿಕೊಟ್ಟಳು. ಕಾಲು ಮಾತ್ರ ಊದುತ್ತಲೇ ಹೋಯಿತು.

ಆಸ್ಪತ್ರೆಗೆ ನಾನೇ ಕಾರಲ್ಲಿ ಕರೆದುಕೊಂಡು ಹೋದೆ. ಏನೇನು ಬಿಟ್ಟೆ ಅಂತ ವಿಲ್ಫ್ ಹೆಮ್ಮೆಯಿಂದ ಹೇಳಿದರು.

"ಕುಡಿಯೋದು?" ಅಂದಳು ನರ್ಸ್.

"ಟೀ. ಆಮೇಲೆ ಬಟಾಣಿ ತಿಳಿ. ಅದೇನು ಬಿಡಮ್ಮ, ತರಕಾರಿ ನೀರು."

ನರ್ಸ್ ಪೆನ್ನು ಕೆಳಗಿಟ್ಟಳು. "ಒಣ ಬಟಾಣಿ ನೆನೆಸೋಕೆ ಸೋಡಾ ಹಾಕ್ತಾರೆ ತಾತ, ಅದೂ ಉಪ್ಪಿದ್ದ ಹಾಗೇ. ಬೇಯೋವಾಗ ಉಪ್ಪು. ಎರಡೂ ಇಳಿಯೋದು ಆ ತಿಳಿಗೇ."

ಹೃದಯ ತೀರಾ ಸೋತುಹೋಗಿದೆ, ಇನ್ನು ಆಪರೇಷನ್ ತಡೆದುಕೊಳ್ಳೋ ಶಕ್ತಿ ಇಲ್ಲ ಅಂದರು ಡಾಕ್ಟರು.

ಶುಕ್ರವಾರ ಬಂತು. ಅವರು ಸಾಲಿನಲ್ಲಿ ನಿಂತರು, ನಾನು ಪಕ್ಕದಲ್ಲಿ.

"ದೊಡ್ಡ ಮೀನು, ಚಿಪ್ಸು. ಗ್ರೇವಿ ಜಾಸ್ತಿ ಹಾಕು," ಅಂದರು.

ಪಾಲೀನ್ ಮುಖ ಅರಳಿತು. "ಅಂತೂ ಬುದ್ಧಿ ಬಂತಾ ನಿಂಗೆ. ಹುಷಾರಾದ್ಯಾ ಹಾಗಾದ್ರೆ?"

"ಹೂಂ ಕಣೆ. ಇನ್ನೇನೂ ಬಿಡಬೇಕಾಗಿಲ್ಲಂತೆ."

ಗ್ಯಾರಿ ಚಪ್ಪಾಳೆ ತಟ್ಟಿದ, ಸಾಲಿನವರೆಲ್ಲ ಸೇರಿಕೊಂಡರು. ಆಕೆ ಮೀನು ಕಟ್ಟಿಕೊಟ್ಟಳು. ಆಮೇಲೆ, ಅಭ್ಯಾಸಬಲ, ದೊಡ್ಡ ಲೋಟದ ತುಂಬ ತಿಳಿಯನ್ನೂ ಮುಂದಿಟ್ಟಳು.

ವಿಲ್ಫ್ ಅದನ್ನೂ ಎತ್ತಿಕೊಂಡರು. ಥ್ಯಾಂಕ್ಸ್ ಕೂಡ ಹೇಳಿದರು.