ಮೂವತ್ತೆಂಟನೆಯ ಚುಕ್ಕಿ

ಬೆಳಗಿನ ಐದೂವರೆ. ಹಿರೇನಲ್ಲೂರಿನ ಒಂದು ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಸಗಣಿ ನೀರು ಹಾಕಿ ಗುಡಿಸಿದ ಬಾಗಿಲ ಮುಂದೆ ಅನುಪಮಾ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬೆರಳ ಸಂದಿಯಲ್ಲಿ ರಂಗೋಲಿ ಪುಡಿ. ರಸ್ತೆಯ ಅಂಚಿನಲ್ಲಿ ಇಡುವ ಮೊದಲ ಚುಕ್ಕಿ ಕಾಶ್ಮೀರ. ಹೊಸ್ತಿಲ ಹತ್ತಿರ ಬಂದು ನಿಲ್ಲುವ ಕೊನೆಯ ಚುಕ್ಕಿ ಕನ್ಯಾಕುಮಾರಿ. ಒಟ್ಟು ಮೂವತ್ತೇಳು. ಗೆರೆ ಒಂದರಿಂದ ಒಂದಕ್ಕೆ ಹರಿದು ಐದು ನಿಮಿಷದಲ್ಲಿ ಭಾರತದ ನಕ್ಷೆ ಮೂಡುತ್ತದೆ. ಮನೆಯೊಳಗಿಂದ ನೋಡಿದರೆ ದೇಶ ನೆಟ್ಟಗೆ, ಬೀದಿಯಿಂದ ನೋಡಿದರೆ ತಲೆಕೆಳಗು.

ಹಾಲಿನ ಈರಪ್ಪ ಕ್ಯಾನು ಹಿಡಿದು ಬೀದಿಯಲ್ಲೇ ನಿಲ್ಲುತ್ತಾರೆ. "ಮೇಡಮ್ಮೋರೆ, ಎಲ್ಲಿ ಕಾಲಿಡ್ಲಿ?"

"ಸಮುದ್ರದಾಗೆ ಇಡೋ, ಬೇಕಾದಷ್ಟು ಜಾಗ ಐತೆ" ಎಂದು ಒಳಗಿನಿಂದ ಅತ್ತೆ ಕರಿಬಸಮ್ಮ ಹೇಳುತ್ತಾರೆ.

"ದಿನಾ ಸಮುದ್ರ ದಾಟ್ಕಂಡು ಬತ್ತೀನಿ. ಆಮೇಲೆ ಹಾಲಿಗೆ ನೀರು ಸೇರೈತೆ ಅಂತ ನೀವೇ ಬಯ್ತೀರ."

ಈರಪ್ಪ ಅರಬ್ಬೀ ಸಮುದ್ರದ ಕಡೆಯಿಂದ ಬಂದು ಹಾಲು ಹಾಕಿ ಹೋಗುತ್ತಾರೆ. ಆಮೇಲೆ ಅನುಪಮಾ ಇನ್ನೊಂದು ಚುಕ್ಕಿ ಇಡುತ್ತಾರೆ. ಕರ್ನಾಟಕದ ನಡುವೆ, ಒಂಟಿಯಾಗಿ. ಯಾವ ಗೆರೆಯೂ ಅದನ್ನು ಮುಟ್ಟುವುದಿಲ್ಲ.

ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಲ್ಲಿ, ಐದು ವರ್ಷದ ಹಿಂದೆ, ಪತಿ ಪರಮೇಶ್ ಬೈಕಿನಿಂದ ಬಿದ್ದ ಜಾಗ ಅದು. ನಕ್ಷೆಯ ಅಳತೆಯಲ್ಲಿ ಒಂದು ಚಿಟಿಕೆ ಪುಡಿ.

ಸಾವಾದ ಮನೆಯ ಬಾಗಿಲಿಗೆ ರಂಗೋಲಿ ಇಲ್ಲ. ಸೂತಕ ಕಳೆದ ಮೇಲೂ ನೆಂಟರು ವರ್ಷ ತುಂಬುವವರೆಗೆ ಬೇಡ ಅಂದರು. ಇನ್ನು ಕೆಲವರು, ವರ್ಷ ತುಂಬಿದ ಮೇಲೂ ಇವಳ ಕೈಯಿಂದ ಬೇಡ ಅಂದರು. ಕರಿಬಸಮ್ಮ ತಿಂಗಳೊಪ್ಪತ್ತು ಕೇಳಿಸಿಕೊಂಡರು. ಒಂದು ಬೆಳಿಗ್ಗೆ ಪುಡಿಯ ಡಬ್ಬಿ ತಂದು ಸೊಸೆಯ ಮುಂದಿಟ್ಟರು.

"ಬಾಗಿಲು ಹಂಗೆ ಬೋಳು ನೋಡಕ್ಕಾಗಲ್ಲ ಕಣವ್ವ. ರಂಗೋಲಿ ತಾನೆ ಬ್ಯಾಡ ಅಂದಿದ್ದು? ಇಸ್ಕೂಲಲ್ಲಿ ಬರೀತೀಯಲ್ಲ, ದೇಶ, ಅದನ್ನ ಹಾಕು. ಯಾರು ಬಂದು ಏನಂತಾರೋ ನೋಡಣ."

ಯಾರೂ ಏನೂ ಅನ್ನಲಿಲ್ಲ. ಚುಕ್ಕಿ ಇಟ್ಟೇ ಅಭ್ಯಾಸವಿದ್ದ ಕೈ ನಕ್ಷೆಗೂ ಚುಕ್ಕಿ ಇಟ್ಟಿತು. ವಾರ ಕಳೆಯುವುದರೊಳಗೆ ಅನುಪಮಾ ಅವರಿಗೆ ಒಂದು ವಿಷಯ ಹೊಳೆಯಿತು: ಚುಕ್ಕಿ ಎಣಿಸಲು ಬಂದರೆ ಯಾವ ಮಗುವಾದರೂ ಭಾರತದ ನಕ್ಷೆ ಬರೆಯಬಹುದು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ನಕ್ಷೆಗೆ ಐದು ಅಂಕ. ಪಾಸು-ಫೇಲಿನ ಅಂಚಿನಲ್ಲಿ ನಿಂತ ಮಗು ದಡ ಸೇರುವುದು ಆ ಐದರಲ್ಲೇ.

"ಅಳ್ತಾ ಕಲಿತೆ ಅಂತ ಬರೀಬೇಡಿ" ಎನ್ನುತ್ತಾರೆ ಅವರು, ಇದನ್ನು ಬರೆಯುತ್ತಿರುವ ನನಗೆ. "ಆಗ ಅಳೂನೂ ಬರ್ತಿರ್ಲಿಲ್ಲ. ಕೈಗೆ ಕೆಲಸ ಬೇಕಿತ್ತು, ಅಷ್ಟೆ."

ಅನುಪಮಾ ಅಜ್ಜಂಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ. ಮನೆಯಿಂದ ಎರಡು ಬಸ್ಸು. ವಾರಕ್ಕೆ ಇಪ್ಪತ್ತೆಂಟು ಪೀರಿಯಡ್ಡು, ಮೂರು ತರಗತಿ, ನೂರ ಹದಿನಾಲ್ಕು ಮಕ್ಕಳು. ಬೀರೂರಿನ ಹತ್ತಿರದ ಆ ಜಾಗವನ್ನು ಬಸ್ಸು ದಿನಕ್ಕೆ ಎರಡು ಸಲ ದಾಟುತ್ತದೆ. ಆ ಹೊತ್ತಿಗೆ ಅವರು ಉತ್ತರಪತ್ರಿಕೆಗಳನ್ನು ತೊಡೆಯ ಮೇಲೆ ಹರವಿಕೊಳ್ಳುತ್ತಾರೆ.

ಅತಿಥಿ ಶಿಕ್ಷಕರ ನೇಮಕ ಜೂನ್‌ನಿಂದ ಮಾರ್ಚ್‌ವರೆಗೆ. ಮತ್ತೆ ಜೂನ್‌ನಲ್ಲಿ ಹೊಸದಾಗಿ ಅರ್ಜಿ. ಹೀಗೆ ಹನ್ನೊಂದು ಜೂನ್ ಕಳೆದಿವೆ. ಈ ಹನ್ನೊಂದು ವರ್ಷದಲ್ಲಿ ಪಠ್ಯಪುಸ್ತಕ ಬದಲಾಗಿದೆ, ಪ್ರಶ್ನೆಪತ್ರಿಕೆಯ ರೀತಿ ಬದಲಾಗಿದೆ. ಬದಲಾದಾಗಲೆಲ್ಲ ಶಿಕ್ಷಕರಿಗೆ ತರಬೇತಿ ನಡೆದಿದೆ. ಕಾಯಂ ಶಿಕ್ಷಕರಿಗೆ ಹೆಸರು ಹಾಕಿದ ಆದೇಶ ಬರುತ್ತದೆ. ಅನುಪಮಾ ಅವರ ಹೆಸರಿನ ಆದೇಶ ಒಂದು ಸಲವೂ ಬಂದಿಲ್ಲ.

"ಒಂದ್ಸಲ ಟ್ಯೂಷನ್‌ಗೆ ಹೋಗೋ ಹುಡುಗಿ ಎದ್ದು ನಿಂತು, 'ಮೇಡಂ, ಆ ಪಾಠದಿಂದ ಈಗ ಅಷ್ಟು ಮಾರ್ಕ್ಸ್ ಬರಲ್ವಂತೆ' ಅಂದ್ಲು. ಪೇಪರ್ ಬದಲಾಗಿದ್ದು ನನಗೆ ಮಕ್ಕಳಿಂದ ಗೊತ್ತಾಯ್ತು. ಆವತ್ತು ಬೋರ್ಡ್ ಕಡೆ ತಿರುಗಿ ಏನೋ ಬರೀತಾ ನಿಂತ್ಬಿಟ್ಟೆ. ಏನು ಬರೆದೆ ಅಂತ ಈಗ್ಲೂ ನೆನಪಿಲ್ಲ."

ಅದಾದ ಮೇಲೆ ಶುರುವಾದದ್ದು ಶನಿವಾರದ ಕೂಟ. ಬೀರೂರು ಜಂಕ್ಷನ್‌ಗೆ ಕಡೂರಿನಿಂದಲೂ ತರೀಕೆರೆಯಿಂದಲೂ ಅಜ್ಜಂಪುರದಿಂದಲೂ ರೈಲಿದೆ. ತಿಂಗಳಿಗೊಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಪ್ಲಾಟ್‌ಫಾರ್ಮಿನ ತುದಿಯ ಕಲ್ಲುಬೆಂಚಿನಲ್ಲಿ ಸಮಾಜ ವಿಜ್ಞಾನದ ಮೇಷ್ಟರುಗಳು ಸೇರುತ್ತಾರೆ. ತರಬೇತಿಗೆ ಹೋಗಿ ಬಂದವರು ಹೇಳುತ್ತಾರೆ, ಹೋಗಲಾರದವರು ಬರೆದುಕೊಳ್ಳುತ್ತಾರೆ. ಮೊದಲ ದಿನ ಮೂವರು ಅತಿಥಿ ಶಿಕ್ಷಕಿಯರಿದ್ದರು. ಈಗ ಹತ್ತೊಂಬತ್ತು ಜನ. ಅನುಪಮಾ ಅಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಚುಕ್ಕಿ ಇಟ್ಟು ನಕ್ಷೆ ತೋರಿಸಿದರು. ಕೈ ತನ್ನ ಪಾಡಿಗೆ ಆ ಒಂಟಿ ಚುಕ್ಕಿಯನ್ನೂ ಇಟ್ಟಿತು. ಅವರ ಗಮನಕ್ಕೆ ಬರಲಿಲ್ಲ. ಮೇಷ್ಟರುಗಳು ಎಣಿಸಿದರು, ಬರೆದುಕೊಂಡರು: ಒಟ್ಟು ಮೂವತ್ತೆಂಟು.

ತರೀಕೆರೆ ಕಡೆಯ ಕಾಯಂ ಶಿಕ್ಷಕ ಓಂಕಾರೇಶ್ ಆ ಕೂಟಕ್ಕೆ ಬರುವವರಲ್ಲೊಬ್ಬರು; ಇಲಾಖೆಯ ತರಬೇತಿಗಳಲ್ಲಿ ಪಾಠ ಹೇಳುವವರೂ ಹೌದು. ಈ ಜುಲೈನಲ್ಲಿ ತರೀಕೆರೆಯಲ್ಲಿ ಮೂರು ದಿನದ ತರಬೇತಿ ಗೊತ್ತಾದಾಗ, ಎರಡನೇ ದಿನದ ವೇಳಾಪಟ್ಟಿಯಲ್ಲಿ 'ಚುಕ್ಕಿ ವಿಧಾನದಲ್ಲಿ ನಕ್ಷೆ' ಎಂದು ಸೇರಿಸಿದವರು ಅವರು. ಹೇಳಿಕೊಡಲು ಅನುಪಮಾ ಅವರನ್ನು ಕರೆಯಬೇಕೆಂದು ಕೇಳಿದವರೂ ಅವರೇ. ಅತಿಥಿ ಶಿಕ್ಷಕರ ಹೆಸರು ಪಟ್ಟಿಗೆ ಬರುವುದಿಲ್ಲ ಎಂದು ಇಲಾಖೆಯಿಂದ ಉತ್ತರ ಬಂತು.

"ಪಟ್ಟಿ ಅವರದು, ಪೀರಿಯಡ್ ನಂದು. ನೀವು ಬನ್ನಿ ಮೇಡಂ, ನಾನು ಕೂತ್ಕೊತೀನಿ" ಎಂದು ಓಂಕಾರೇಶ್ ಫೋನ್ ಮಾಡಿದರು.

ಅನುಪಮಾ ಹೊರಡುವ ಹೊತ್ತಿಗೆ ಇನ್ನೊಂದು ಸಂಗತಿ ನಡೆದುಹೋಗಿತ್ತು. ಅವರ ಶಾಲೆಗೆ ವರ್ಗಾವಣೆಯಲ್ಲಿ ಕಾಯಂ ಸಮಾಜ ವಿಜ್ಞಾನ ಶಿಕ್ಷಕ ರವಿಕುಮಾರ ಬಂದಿದ್ದರು. ಕಾಯಂ ಶಿಕ್ಷಕರು ಬಂದರೆ ಅತಿಥಿ ಶಿಕ್ಷಕರು ಬಿಡಬೇಕು. ಮುಖ್ಯೋಪಾಧ್ಯಾಯರು ಹಾಜರಾತಿ ಪುಸ್ತಕ ಮುಚ್ಚಿ, "ಈ ವಾರ ಮುಗಿಸ್ಬಿಡಿ ಮೇಡಂ" ಅಂದರು. ಆ ವಾರ ಕಳೆದೂ ಆಗಿತ್ತು. ಬಂದ ಮೂರನೇ ದಿನಕ್ಕೆ ರವಿಕುಮಾರ ಅವರ ಹೆಸರಿಗೆ ತರಬೇತಿಯ ಆದೇಶ ಬಂತು.

ತರೀಕೆರೆಯ ಸಭಾಂಗಣದಲ್ಲಿ ಐವತ್ತನಾಲ್ಕು ಜನ ಶಿಕ್ಷಕರು. ಓಂಕಾರೇಶ್ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಾರೆ. ಅನುಪಮಾ ಸೆರಗು ಸಿಕ್ಕಿಸಿ ನೆಲಕ್ಕೆ ಕೂತು, ಎಲ್ಲರೂ ನೋಡುವಂತೆ ಚುಕ್ಕಿ ಇಡುತ್ತಾರೆ.

"ನಮ್ಮನೇಲಿ ಹೆಂಡ್ತಿ ಹಾಕ್ತಾಳೆ, ನಾನು ತುಳೀತೀನಿ. ನನ್ನ ಕೈಲಿ ಇದು ಆಗುತ್ತಾ ಮೇಡಂ?" ಎಂದು ಹಿರಿಯ ಶಿಕ್ಷಕರೊಬ್ಬರು ಕೇಳುತ್ತಾರೆ.

"ತುಳಿಯೋರಿಗೆ ಜಾಗ ಚೆನ್ನಾಗಿ ಗೊತ್ತಿರುತ್ತೆ ಸಾರ್, ಬನ್ನಿ" ಎನ್ನುತ್ತಾರೆ ಅನುಪಮಾ. ಸಭಾಂಗಣ ನಗುತ್ತದೆ. ಒಂದು ಗಂಟೆಯಲ್ಲಿ ನೆಲದ ತುಂಬ ಸಣ್ಣ ದೊಡ್ಡ ಭಾರತಗಳು. ಗುಜರಾತಿನ ಸೊಂಡಿಲಿನ ಹತ್ತಿರ ಎಲ್ಲರಿಗೂ ಕೈ ತಪ್ಪುತ್ತದೆ. ರವಿಕುಮಾರ ಅವರ ಬೆರಳು ಹಿಡಿದು ಅನುಪಮಾ ತಿದ್ದುತ್ತಾರೆ. "ಹತ್ತನೇ ಕ್ಲಾಸಿನ ಮೂರನೇ ಬೆಂಚಿನೋರು ಇಲ್ಲೇ ತಪ್ಪು ಮಾಡೋದು. ನೋಡ್ಕೊಳ್ಳಿ ಸಾರ್."

ಆಮೇಲೆ ಹಾಜರಾತಿಯ ಹಾಳೆ ಬರುತ್ತದೆ. ಹೆಸರು, ಶಾಲೆ, ಸಹಿ. ಅನುಪಮಾ ಅದನ್ನು ಎಡಗಡೆಯವರಿಂದ ತೆಗೆದುಕೊಂಡು ಬಲಗಡೆಯವರಿಗೆ ಕೊಡುತ್ತಾರೆ. ಸುತ್ತಿ ಬಂದ ಹಾಳೆಯನ್ನು ಓಂಕಾರೇಶ್ ಮತ್ತೆ ಅನುಪಮಾ ಅವರ ಮುಂದೆ ಹಿಡಿಯುತ್ತಾರೆ.

"ಕೆಳಗೆ ಒಂದು ಸಾಲು ಉಳಿಸಿದೀನಿ. ಬರೀರಿ ಮೇಡಂ. ಆದದ್ದಾಗ್ಲಿ."

ಅನುಪಮಾ ಪೆನ್ನು ತೆಗೆದುಕೊಂಡು ಹೆಸರಿನ ಮೊದಲ ಅಕ್ಷರ ಬರೆದು ನಿಲ್ಲುತ್ತಾರೆ.

"ಶಾಲೆ ಯಾವ್ದು ಅಂತ ಬರೀಲಿ ಸಾರ್?"

ಅನುಪಮಾ ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಡುತ್ತಾರೆ.

ಜನ ಊಟಕ್ಕೆ ಎದ್ದಿದ್ದಾರೆ. ರವಿಕುಮಾರ ಮಾತ್ರ ನೋಟ್‌ಬುಕ್ ಹಿಡಿದು ನಿಂತಿದ್ದಾರೆ. ಯಾರ ಜಾಗಕ್ಕೆ ಬಂದಿದ್ದೇನೆ ಎನ್ನುವುದು ಅವರಿಗೆ ಗೊತ್ತು. ಅದಕ್ಕೇ ಮಾತಿಗೆ ತಡವರಿಸುತ್ತಾರೆ.

"ಮೇಡಂ, ಒಂದು ಡೌಟು. ಮೂವತ್ತೇಳಕ್ಕೆ ನಕ್ಷೆ ಮುಗಿಯುತ್ತೆ. ಮೂವತ್ತೆಂಟನೇದಕ್ಕೆ ಗೆರೆ ಹೋಗೋದೇ ಇಲ್ಲ. ಓಂಕಾರೇಶ್ ಸಾರ್ ಬುಕ್ಕಲ್ಲೂ ಇದೆ, ಎಲ್ಲರ ಬುಕ್ಕಲ್ಲೂ ಇದೆ. ಮಕ್ಕಳಿಗೆ ಅದು ಬೇಡ ಅಂತ ಹೇಳ್ಬಿಡ್ಲಾ?"

ಅನುಪಮಾ ನೆಲ ನೋಡುತ್ತಾರೆ. ಐವತ್ತನಾಲ್ಕು ನಕ್ಷೆಗಳು. ಅಳತೆ ಬೇರೆ, ಕೈ ಬೇರೆ. ಪ್ರತಿಯೊಂದರ ನಡುವೆಯೂ ಆ ಚುಕ್ಕಿ.

"ಪರೀಕ್ಷೇಲಿ ಬೇಡ ಸಾರ್, ಅಂಕ ಹೋಗುತ್ತೆ" ಎನ್ನುತ್ತಾರೆ. "ನೀವು ಬೋರ್ಡ್ ಮೇಲೆ ಬರಿಯೋವಾಗ ಮಾತ್ರ ಇರ್ಲಿ. ಅಳಿಸ್ಬೇಡಿ."

ರವಿಕುಮಾರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ಮೂವತ್ತೆಂಟು, ಬೋರ್ಡಿನ ಮೇಲೆ ಮಾತ್ರ.