ಷಡ್ಡಕನಿಗಿಂತ ಜೋರಾದ ಕಂಪ್ಯೂಟರ್

ಮದರ್‌ಬೋರ್ಡಿಗೆ ಮೂರು ಸಾವಿರದ ಇನ್ನೂರು ಕೊಟ್ಟೆ. ಶಿವಮೊಗ್ಗದ ಅಂಗಡಿಯವನು ನಾಲ್ಕು ಸಾವಿರ ಅಂದಿದ್ದ. ಎರಡು ಸಲ ಮೆಟ್ಟಿಲಿಳಿದು ಹೊರಟಂತೆ ಮಾಡಿದ ಮೇಲೆ ದಾರಿಗೆ ಬಂದ. ಅಲ್ಲಿದ್ದವುಗಳಲ್ಲಿ ಅದೇ ಅಗ್ಗದ್ದು. ಅದರ ಮೇಲೆ ಜಂಪರ್ ಎಂಬ ಅಕ್ಕಿಕಾಳಿನಷ್ಟು ತುಂಡು. ಕೊನೆಯ ಪಿನ್ನಿಗೆ ಸರಿಸಿದರೆ ಮುನ್ನೂರು ಮೆಗಾಹರ್ಟ್ಸ್ ವೇಗದ ಪ್ರೊಸೆಸರ್ ನಾನೂರೈವತ್ತರ ವೇಗದಲ್ಲಿ ಓಡುತ್ತದೆಂದು ಅವನೇ ಹೇಳಿಕೊಟ್ಟ. ನಿಜವಾದ ನಾನೂರೈವತ್ತು ಕೊಳ್ಳುವ ತಾಕತ್ತು ನನಗಿರಲಿಲ್ಲ. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಸೊರಬದಲ್ಲಿ ಅಂಥದ್ದೇ ಇಟ್ಟಿದ್ದಾನೆಂದು ಹೆಂಡತಿ ತಂದ ಸುದ್ದಿ.

ನಮ್ಮಿಬ್ಬರದೂ ಒಂದೇ ಕಸುಬು, ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವುದು. ನನ್ನ ಅಂಗಡಿ ಶಿಕಾರಿಪುರದಲ್ಲಿ. ಆ ವರ್ಷ ಉಡುತಡಿಯ ಮಾವ ಕಿರಿಮಗಳ ಮದುವೆ ಗೊತ್ತುಮಾಡಿದರು. ನೆಂಟರೆಲ್ಲರ ಮನೆಗೂ ಹೋಗುವ ಪತ್ರಿಕೆಯ ಕೆಳಗೆ ಯಾವ ಅಳಿಯನ ಅಂಗಡಿಯ ಹೆಸರು?

ಮಾವ ಹೆಸರುಗಳ ಪಟ್ಟಿಯನ್ನು ಆಯುಧಪೂಜೆಯ ದಿನ ಇಬ್ಬರಿಗೂ ಕಳಿಸಿದರು. ಜೊತೆಗೆ ಹೇಳಿಕಳಿಸಿದ ಮಾತು: "ನಾಳೆ ದಸರೆಗೆ ಬನ್ನಿ ಎಲೆ ಕೊಡಾಕ ಹೆಂಗೂ ಬರ್ತೀರಲ್ರೀ ಅಳಿಯಂದಿರೇ. ಮೊದಲು ಬಂದವ್ರ ಕಾಗದ ಅಚ್ಚಿಗೆ."

"ನಮ್ಮ ಭಾವನ ಕಂಪ್ಯೂಟರ್ ಸದ್ದೇ ಮಾಡಲ್ಲಂತ್ರೀ," ಎಂದಳು ಹೆಂಡತಿ.

ನಾನು ಆಗಲೇ ಜಂಪರ್ ಸರಿಸಿಯಾಗಿತ್ತು. ಬಿಸಿ ತಡೆಯದೆ ಡಬ್ಬಿಯ ಮುಚ್ಚಳವನ್ನೂ ತೆಗೆದಿಟ್ಟಿದ್ದೆ. ಪೂಜೆಯ ದಿನ ಆಯುಧ ಮುಟ್ಟುವಂತಿಲ್ಲ. ವಿಭೂತಿ ಹಚ್ಚುತ್ತಿದ್ದ ಹೆಂಡತಿಗೆ, "ಒಳಗಿನ ಫ್ಯಾನಿಗೂ ಎರಡು ಚೆಂಡುಹೂವು ಇಡೇ, ನಾಳೆ ದುಡಿಯೋದು ಅದೇ," ಎಂದವನು ನಾನೇ.

ಮರುದಿನ ಹೂವು ತೆಗೆದು ಕೂತೆ. ಯಂತ್ರ ಬಾಣದಂತೆ ಓಡಿತು. ಮೂವತ್ತೆರಡನೇ ಹೆಸರಿಗೆ, ಸೋದರಮಾವಂದಿರ ಸಾಲಿನಲ್ಲಿ, ಪರದೆ ಕಲ್ಲಾಯಿತು. ಬಗ್ಗಿ ನೋಡಿದರೆ ಪ್ರೊಸೆಸರಿನ ಫ್ಯಾನಿನ ಬುಡದಲ್ಲಿ ಚೆಂಡುಹೂವಿನ ಎಸಳುಗಳು ಸಿಕ್ಕಿಕೊಂಡಿದ್ದವು, ಫ್ಯಾನು ನಿಂತಿತ್ತು. ವೇಗದ ಸೊಕ್ಕಿನಲ್ಲಿ ಒಮ್ಮೆಯೂ ಸೇವ್ ಮಾಡಿರಲಿಲ್ಲ. ಎಸಳು ಕಿತ್ತು, ಜಂಪರನ್ನು ಹಳೆಯ ಪಿನ್ನಿಗೆ ಹಾಕಿ, ಎಲ್ಲ ಹೆಸರನ್ನೂ ಮತ್ತೆ ಹೊಡೆದು ಉಡುತಡಿ ಮುಟ್ಟುವಾಗ, ನನಗಿಂತ ಎಷ್ಟೋ ದೂರದಿಂದ ಬರಬೇಕಾದ ಷಡ್ಡಕ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ.

"ಬಾ ಮಾರಾಯಾ, ಬನ್ನಿ ತಗೋ. ಬಂಗಾರದಂಗಿರೋಣ."

"ನಿಮ್ಮದು ನಾನೂರೈವತ್ತಲ್ಲೇನ್ರಿ, ಇನ್ನೇನು!"

"ಯಾರು ಹೇಳಿದ್ದು? ಇನ್ನೂರ ಮೂವತ್ಮೂರು. ನಾಲ್ಕು ಹೆಸರಿಗೊಂದ್ಸಲ ಸೇವ್ ಮಾಡ್ಕಂತ ನಿಧಾನಕ್ಕೆ ಹೊಡೆದೆ."

ನಾನೂರೈವತ್ತಕ್ಕೆ ಸೋತಿದ್ದರೆ ಸಹಿಸುತ್ತಿದ್ದೆ. ನನ್ನದಕ್ಕಿಂತ ಬಡ ಯಂತ್ರಕ್ಕೆ ಸೋತದ್ದು ಇವತ್ತಿಗೂ ಉರಿಯುತ್ತದೆ. ಆಮೇಲೆ ನೆಂಟರ ಮನೆಯ ಗೂಡಿನಲ್ಲಿ ಆ ಪತ್ರಿಕೆ ಕಂಡಾಗಲೆಲ್ಲ ಯಾರೂ ನೋಡದಂತೆ ಮಗುಚಿ ಇಟ್ಟಿದ್ದೇನೆ.

ನೀವೂ ಅಗ್ಗದ ಬೋರ್ಡು ಕೊಂಡಿದ್ದರೆ ಕೇಳಿ. ಒಮ್ಮೆಲೇ ಕೊನೆಯ ಪಿನ್ನಿಗೆ ಹಾರಬೇಡಿ. ನಡುವಿನ ಪಿನ್ನಿನಲ್ಲಿ ಒಂದು ವಾರ ಓಡಿಸಿ ನೋಡಿ. ಚೌಕಾಸಿಯಲ್ಲಿ ಉಳಿದದ್ದನ್ನು ಜೇಬಿಗೆ ಹಾಕದೆ ದೊಡ್ಡ ಫ್ಯಾನಿಗೆ ಹಾಕಿ. ಪೂಜೆ ಮಾಡಿ, ಆದರೆ ಮುಚ್ಚಳ ಹಾಕಿ ಮಾಡಿ. ಇನ್ನೊಬ್ಬರ ಯಂತ್ರದ ವೇಗವನ್ನು ಹೆಂಡತಿಯ ಬಾಯಲ್ಲಿ ಕೇಳಿ ನಂಬಬೇಡಿ. ಬಸ್ಸು ಹತ್ತಿ ಹೋಗಿ, ಪಕ್ಕದಲ್ಲಿ ಕೂತು, ಕಣ್ಣಾರೆ ನೋಡಿ ಬನ್ನಿ.